ಜಗಲಿಯ ಮೇಲೊಂದು ವಾಲ್ಟ್ಸ್

ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಹೇಳಿದ ನಾನು ಸಂಗೀತದ ಬಗ್ಗೆ ಬರೆಯಲು ಹೊರಟಿರುವುದನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ನಗಲಿ. ಕೊನೆಯ ಬೆಂಚಿನಲ್ಲಿ ಯಾರಾದರೂ ಸ್ಕೇಲಿನಿಂದ ಡೆಸ್ಕು ಕುಟ್ಟಿ ಚಂಡೆ ಬಾರಿಸಿದರೆ ಸೀಮೆಸುಣ್ಣದ ಚೂರು ಗುರಿಯಿಟ್ಟು ಎಸೆಯುತ್ತಿದ್ದ ಮೇಷ್ಟ್ರು ನಾನೇ. ಆ ಚೂರು ತಗುಲಿಸಿಕೊಂಡವರಲ್ಲಿ ಇಬ್ಬರಾದರೂ ಈ ಪುಟವನ್ನು ಓದುತ್ತಾರೆಂದು ನನಗೆ ಗೊತ್ತು. ಅವರು ಇದನ್ನು ತಡವಾದ ಕ್ಷಮಾಪಣೆಯೆಂದು ತಿಳಿದರೂ ನನ್ನ ಅಭ್ಯಂತರವಿಲ್ಲ.

ನಮ್ಮ ಮನೆಯಲ್ಲಿ ಸಂಗೀತ ನನ್ನದಲ್ಲ, ನನ್ನ ಹೆಂಡತಿಯದು. ನಿಮ್ಮಲ್ಲಿ ಹಲವರು ಟ್ಯೂಷನ್ನಿಗೆಂದು ನಮ್ಮ ಮನೆಗೆ ಬಂದಾಗ ಒಳಕೋಣೆಯಿಂದ ವೀಣೆಯ ಸದ್ದು ಕೇಳಿರುತ್ತೀರಿ. ಬೀದಿಯ ನಾಲ್ಕಾರು ಹೆಣ್ಣುಮಕ್ಕಳಿಗೆ ಅವಳು ಸರಳೆ, ಜಂಟಿ ವರಸೆ ಹೇಳಿಕೊಡುತ್ತಿದ್ದಳು. ನಾನು ಹೊರಗೆ ಪ್ರಮೇಯ ಬಿಡಿಸುತ್ತಿದ್ದೆ. ಎರಡೂ ಒಟ್ಟಿಗೆ ನಡೆಯುತ್ತಿದ್ದವು. ನಾನು ಒಂದು ದಿನವೂ ಆ ಬಾಗಿಲಿನೊಳಗೆ ಇಣುಕಿ, ಅದೇನು ತಾಳ ಎಂದು ಕೇಳಿದವನಲ್ಲ.

೨೦೨೧ರ ನವೆಂಬರ್ ತಿಂಗಳ ಒಂದು ಬೆಳಗ್ಗೆ ಕಾಫಿ ಸೋಸುತ್ತಿದ್ದವಳ ಬಲಗೈಯಿಂದ ಲೋಟ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವಳು ಅಲ್ಲೇ ಕುಸಿದಳು. ನನ್ನ ಹೆಸರು ಹಿಡಿದು ಕರೆಯದ ಪೀಳಿಗೆಯವಳು ಅಂದು ಕರೆಯಲು ಪ್ರಯತ್ನಿಸಿದಳು, ಮಾತು ಹೊರಡಲಿಲ್ಲ. ಪಾರ್ಶ್ವವಾಯು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ಬಂದೆವು. ಫೋನು ಮಾಡಿ ವಿಚಾರಿಸಿದವರಿಗೆಲ್ಲ ನಾನು 'ಸುಧಾರಿಸುತ್ತಿದ್ದಾಳೆ' ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದೆ. ಇಂದು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮಾತು ಎರಡು ತಿಂಗಳಲ್ಲಿ ಮರಳಿತು. ಬಲಗೈಯ ಬೆರಳುಗಳು ಮರಳಲಿಲ್ಲ. ವೀಣೆಯಲ್ಲಿ ಮೀಟುವುದು ಬಲಗೈಯಿಂದ. ಎಡಗೈ ಮೆಟ್ಟಿಲುಗಳ ಮೇಲೆ ಎಷ್ಟೇ ಚೆನ್ನಾಗಿ ಓಡಾಡಿದರೂ ಮೀಟುವ ಬೆರಳಿಲ್ಲದಿದ್ದರೆ ನಾದವಿಲ್ಲ. ಅವಳೇ ವೀಣೆಗೆ ಗವಸು ತೊಡಿಸಲು ಹೇಳಿದಳು. ತೊಡಿಸಿದೆ. ಬಲಗಾಲು ಮಾತ್ರ, ನಿಧಾನಿಸಿದರೆ ಬರುತ್ತದೆ ಎಂದು ಫಿಸಿಯೋಥೆರಪಿಸ್ಟ್ ಭರವಸೆ ಕೊಟ್ಟರು.

ಅವರು ಕಲಿಸಿದ ಕ್ರಮ ಹೀಗಿತ್ತು. ಕೋಲು ಇರಬೇಕಾದ್ದು ಗಟ್ಟಿಯಾದ ಎಡಗೈಯಲ್ಲಿ. ಮೊದಲು ಕೋಲು ಮುಂದೆ, ಅನಂತರ ಸೋತ ಬಲಗಾಲು, ಆಮೇಲೆ ಗಟ್ಟಿಯಾದ ಎಡಗಾಲು. ಒಂದು, ಎರಡು, ಮೂರು. ಸೋತ ಕಾಲಿನ ಎದುರು ಬದಿಗೆ ಕೋಲು ಏಕೆ ಎಂಬುದು ಮೀಟುಗೋಲಿನ ಲೆಕ್ಕ ಕಲಿಸಿದ ನನಗೆ ಕೂಡಲೇ ಅರ್ಥವಾಯಿತು. ಅರ್ಥವಾದದ್ದೇ ತಪ್ಪಾಯಿತು. ಮರುದಿನದಿಂದ ನಮ್ಮ ಮನೆಯ ಜಗಲಿ ಡ್ರಿಲ್ ಮೈದಾನವಾಯಿತು. ಪಕ್ಕದಲ್ಲಿ ನಿಂತು ನಾನು 'ಒಂದು, ಎರಡು, ಮೂರು' ಎಂದು ಗಟ್ಟಿಯಾಗಿ ಎಣಿಸುವುದು, ಅವಳು ತಪ್ಪಿದರೆ 'ಮತ್ತೆ ಮೊದಲಿನಿಂದ' ಎನ್ನುವುದು. ನನ್ನ ಧ್ವನಿ ಹೇಗಿರುತ್ತಿತ್ತೆಂದು ನಿಮಗೆ ನಾನು ವರ್ಣಿಸಬೇಕಾಗಿಲ್ಲ.

ಹತ್ತನೆಯ ದಿನ ಅವಳು ಜಗಲಿಯ ನಡುವೆ ನಿಂತುಬಿಟ್ಟಳು. ಕೋಲನ್ನು ಕಂಬಕ್ಕೆ ಒರಗಿಸಿ, ಒಂದೊಂದೇ ಪದ ಜೋಡಿಸಿ, 'ನಾನು ನಿಮ್ಮ ಹತ್ತನೇ ಕ್ಲಾಸಲ್ಲ' ಎಂದಳು. ಪಾರ್ಶ್ವವಾಯುವಿನ ಅನಂತರ ಅವಳು ಆಡಿದ ಮೊದಲ ಪೂರ್ಣ ವಾಕ್ಯ ಅದು. ಸಂತೋಷಪಡಬೇಕಾಗಿತ್ತು. ನಾನು ಸಿಟ್ಟಿನಿಂದ ಒಳಗೆ ಹೋದೆ. ಅದಾದ ಮೇಲೆ ಎಂಟು ದಿನ ಅವಳು ನಾನಿರುವಾಗ ನಡೆಯಲೇ ಇಲ್ಲ. ನಾನು ಪೇಟೆಗೆ ಹೋದಾಗ ಮನೆಗೆಲಸದಾಕೆಯ ಭುಜ ಹಿಡಿದು ನಡೆಯುತ್ತಿದ್ದಳಂತೆ.

ಅದೇ ವಾರ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಬಿಡುವಿನಲ್ಲಿ ಗಿಟಾರ್. ವಿಷಯ ತಿಳಿದು, 'ಸರ್, ನೀವು ಎಣಿಸಬೇಡಿ, ಕಂಪ್ಯೂಟರ್ ಎಣಿಸಲಿ' ಎಂದ. ತಾಳಬದ್ಧವಾದ ಸದ್ದಿಗೆ ಹೆಜ್ಜೆ ಹೊಂದಿಸಿಕೊಂಡು ನಡೆಸುವ ಚಿಕಿತ್ಸೆಯೊಂದಿದೆಯೆಂದೂ, ಪಾರ್ಶ್ವವಾಯು ಆದವರ ನಡಿಗೆಯ ಮೇಲೆ ಅದರ ಪರಿಣಾಮವನ್ನು ಅಮೆರಿಕೆಯಲ್ಲಿ ಮೈಕೆಲ್ ಥೌಟ್ ಮೊದಲಾದವರು ೧೯೯೦ರ ದಶಕದಿಂದಲೇ ಪರೀಕ್ಷಿಸಿದ್ದಾರೆಂದೂ ಹೇಳಿದ. ಫಿಸಿಯೋಥೆರಪಿಸ್ಟರನ್ನು ಕೇಳಿದಾಗ ಅವರೂ ಹೌದೆಂದರು, ಮೆಟ್ರೊನೋಮ್ ಹಾಕಿ ನೋಡಿ ಎಂದರು. ಮೆಟ್ರೊನೋಮಿನ ಟಿಕ್ ಟಿಕ್ ಕೇಳಿದ ನನ್ನ ಹೆಂಡತಿ 'ಇದು ನಿಮ್ಮ ತಮ್ಮನಿರಬೇಕು' ಎಂದಳು. ಅಲ್ಲಿಗೆ ಅದು ಮುಗಿಯಿತು.

ಹುಡುಗ ನನ್ನ ಲ್ಯಾಪ್‌ಟಾಪಿನಲ್ಲಿ ಮ್ಯೂಸ್‌ಸ್ಕೋರ್ ಎಂಬ ತಂತ್ರಾಂಶವನ್ನು ಹಾಕಿಕೊಟ್ಟು ಹೋದ. ಪಾಶ್ಚಾತ್ಯ ಪದ್ಧತಿಯ ಸ್ವರಲಿಪಿಯನ್ನು ಬರೆಯಲು, ಬರೆದದ್ದನ್ನು ನುಡಿಸಿ ಕೇಳಿಸಲು ಇರುವ ಉಚಿತ ತಂತ್ರಾಂಶ ಅದು. ವರ್ನರ್ ಶ್ವೀರ್ ಎಂಬ ಜರ್ಮನ್ ತಂತ್ರಜ್ಞರು ೨೦೦೨ರಲ್ಲಿ ಪ್ರಾರಂಭಿಸಿದ್ದು. ಐದು ಗೆರೆಗಳ ಮೇಲೆ ಕುಳಿತ ಆ ಕಪ್ಪು ಗೊದಮೊಟ್ಟೆಗಳನ್ನು ಓದಲು ನನಗೆ ಒಂದು ತಿಂಗಳು ಹಿಡಿಯಿತು. ಅದರಲ್ಲಿ ಸ್ವರ ಬರೆಯಬೇಕೆಂದರೆ ಮೊದಲು ಎನ್ ಕೀಲಿ ಒತ್ತಬೇಕು, ಸ್ವರದ ಅವಧಿಯನ್ನು ಅಂಕಿಯಿಂದ ಆರಿಸಬೇಕು. ನಾಲ್ಕನೆಯ ಒಂದು ಭಾಗದ ಸ್ವರ, ಅಂದರೆ ಕ್ವಾರ್ಟರ್ ನೋಟಿಗೆ, ೫ ಒತ್ತಬೇಕು! ಎಂಟನೆಯ ಒಂದು ಭಾಗಕ್ಕೆ ೪. ಅಂಕಿಗೂ ಬೆಲೆಗೂ ಸಂಬಂಧವಿಲ್ಲದ ಈ ವ್ಯವಸ್ಥೆ ಗಣಿತದವನನ್ನು ಎಷ್ಟು ಪೀಡಿಸಿರಬಹುದೆಂದು ಊಹಿಸಿಕೊಳ್ಳಿ.

ಇನ್ನು ಏನು ಬರೆಯುವುದು? ಕೋಲು, ಕಾಲು, ಕಾಲು ಎಂದು ಮೂರು ಎಣಿಕೆ. ಮೂರರ ಸಂಗೀತವೆಂದರೆ ವಾಲ್ಟ್ಸ್ ಎಂದು ಹುಡುಗನೇ ಹೇಳಿದ್ದ. ಮಗ ಕಳುಹಿಸಿದ ಕೊಂಡಿಯಲ್ಲಿ ಎರಡನೆಯ ಯೋಹಾನ್ ಸ್ಟ್ರೌಸನ ನೀಲಿ ಡ್ಯಾನ್ಯೂಬ್ ಕೇಳಿದೆ. ೧೮೬೭ರ ಫೆಬ್ರವರಿಯಲ್ಲಿ ವಿಯೆನ್ನಾದಲ್ಲಿ ಅದು ಮೊದಲು ಹೊರಬಂದದ್ದು ಗಂಡಸರ ಮೇಳಗಾನವಾಗಿ. ಇಂದು ಆ ಮಾತುಗಳು ಹಿಂದೆ ಸರಿದು ವಾದ್ಯವೃಂದದ ರೂಪವೇ ಲೋಕದಲ್ಲೆಲ್ಲ ಉಳಿದಿದೆ. ವಾಲ್ಟ್ಸ್ ಎಂಬ ಶಬ್ದದ ಜರ್ಮನ್ ಮೂಲಕ್ಕೆ ಉರುಳು, ತಿರುಗು ಎಂಬ ಅರ್ಥ. ಆಸ್ಟ್ರಿಯಾ, ಬವೇರಿಯಾಗಳ ಹಳ್ಳಿಗರ ಲ್ಯಾಂಡ್ಲರ್ ಎಂಬ ಕುಣಿತದಿಂದ ಬೆಳೆದು ಅರಮನೆ ಸೇರಿದ್ದು. ಗಂಡು ಹೆಣ್ಣು ಅಷ್ಟು ಹತ್ತಿರ ಹಿಡಿದುಕೊಂಡು ಸುತ್ತುವುದನ್ನು ಕಂಡು ಯುರೋಪಿನ ಹಿರಿಯರು ಹುಬ್ಬು ಗಂಟಿಕ್ಕಿದ ಕಾಲವಿತ್ತು. ಅದರ ಲಕ್ಷಣ ಬಹಳ ಸರಳ: ಮೊದಲ ಎಣಿಕೆಗೆ ಕೆಳಗಿನ ಸ್ಥಾಯಿಯ ಒಂದು ತೂಕದ ಸ್ವರ, ಎರಡು ಮತ್ತು ಮೂರನೆಯ ಎಣಿಕೆಗಳಿಗೆ ಮೇಲೆ ಎರಡು ಹಗುರ ಸ್ವರಪುಂಜಗಳು. ಧೀಂ ತಕ, ಧೀಂ ತಕ ಎಂದಂತೆ.

ಈ ಎಣಿಕೆಯನ್ನು ಬರೆಯುವ ರೀತಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಗೆರೆಗಳ ಪ್ರಾರಂಭದಲ್ಲಿ ಮೇಲೊಂದು ಕೆಳಗೊಂದು ಅಂಕಿ ಇರುತ್ತದೆ. ಟೈಮ್ ಸಿಗ್ನೇಚರ್ ಎನ್ನುತ್ತಾರೆ, ನಾವು ತಾಳಚಿಹ್ನೆ ಎನ್ನೋಣ. ವಾಲ್ಟ್ಸಿಗೆ ಅದು ೩/೪. ನೋಡಿದೊಡನೆ ನಾನು ಅದನ್ನು ಮುಕ್ಕಾಲು ಎಂದೇ ಓದಿದೆ. ಮೇಲಿನದು ಅಂಶ, ಕೆಳಗಿನದು ಛೇದ. ಆದರೆ ಅದು ಭಿನ್ನರಾಶಿಯಲ್ಲ. ಕೆಳಗಿನ ಅಂಕಿ ಅಳತೆಯ ಕೋಲು ಯಾವುದೆಂದು ಹೇಳುತ್ತದೆ, ಮೇಲಿನದು ಒಂದು ಆವರ್ತಕ್ಕೆ, ಅವರ ಭಾಷೆಯಲ್ಲಿ ಒಂದು ಬಾರಿಗೆ, ಅಂಥ ಎಷ್ಟು ಕೋಲು ಎಂದು ಹೇಳುತ್ತದೆ. ಒಂದು ಸಂಜೆ ತಂತ್ರಾಂಶದಲ್ಲಿ ೬/೮ ಎಂಬುದನ್ನು ಕಂಡು, 'ಇದನ್ನು ಸಂಕ್ಷೇಪಿಸಿದರೆ ೩/೪ ತಾನೆ, ಎರಡು ಏಕೆ ಇಟ್ಟಿದ್ದಾರೆ' ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ. ಮಂಚದ ಮೇಲಿದ್ದ ಹೆಂಡತಿ ಕೇಳಿಸಿಕೊಂಡು ಎಡಗೈಯಿಂದ ಮಂಚದ ಪಟ್ಟಿಯ ಮೇಲೆ ತಟ್ಟಿದಳು. ಮೊದಲು ಎರಡೆರಡರಂತೆ ಮೂರು ಸಲ: ತಕ ತಕ ತಕ. ಆಮೇಲೆ ಮೂರು ಮೂರರಂತೆ ಎರಡು ಸಲ: ತಕಿಟ ತಕಿಟ. ಎರಡರಲ್ಲೂ ಆರು ಪೆಟ್ಟು, ಒಂದೇ ಕಾಲ. ಆದರೆ ಎರಡನ್ನೂ ಕೇಳಿದ ಕಿವಿಗೆ ಅವು ಒಂದೇ ಅಲ್ಲ. ಬೆಲೆ ಸಮನಾದದ್ದೆಲ್ಲ ಒಂದೇ ಅಲ್ಲ ಎಂಬುದನ್ನು ನಾನು ಅರವತ್ತೆರಡನೆಯ ವಯಸ್ಸಿನಲ್ಲಿ ಮಂಚದ ಪಟ್ಟಿಯಿಂದ ಕಲಿತೆ. ಭಿನ್ನರಾಶಿಯನ್ನು ಸಂಕ್ಷೇಪಿಸದೆ ಬಿಟ್ಟದ್ದಕ್ಕೆ ನಾನು ಅರ್ಧ ಅಂಕ ಕಳೆದ ಮಕ್ಕಳು ಇದನ್ನೂ ಗಮನಿಸಬಹುದು.

ಇನ್ನೊಂದು ವಿಚಿತ್ರವೆಂದರೆ ಮೇಲಿನ ಅಂಕಿಯಾಗಿ ಐದು, ಏಳು, ಹನ್ನೊಂದು ಏನನ್ನಾದರೂ ಹಾಕಬಹುದು. ಕೆಳಗೆ ಮಾತ್ರ ೧, ೨, ೪, ೮, ೧೬ ಹೀಗೆ ಎರಡರ ಘಾತಗಳಲ್ಲದೆ ತಂತ್ರಾಂಶ ಬೇರೆ ಏನನ್ನೂ ಒಪ್ಪುವುದಿಲ್ಲ. ಅವರ ಸ್ವರಗಳು ಅರ್ಧ, ಅದರ ಅರ್ಧ ಎಂದು ಒಡೆಯುತ್ತ ಹೋಗುವುದರಿಂದ ಹೀಗೆ. ಇದು ತಿಳಿದ ದಿನ ನನಗಾದ ಸಂತೋಷವನ್ನು ಹಂಚಿಕೊಳ್ಳಲು ಮನೆಯಲ್ಲಿ ಯಾರೂ ಸಿಗಲಿಲ್ಲ.

ಕೊನೆಗೂ ಮೂವತ್ತೆರಡು ಆವರ್ತಗಳ ಒಂದು ವಾಲ್ಟ್ಸ್ ಸಿದ್ಧವಾಯಿತು. ಸಿ ಮೇಜರ್ ಸ್ವರಶ್ರೇಣಿ, ಪಿಯಾನೋ ಧ್ವನಿ. ಎಡಗೈ ಗೆರೆಗಳಲ್ಲಿ ಧೀಂ ತಕ, ಬಲಗೈ ಗೆರೆಗಳಲ್ಲಿ ನನಗೆ ತೋಚಿದ ಒಂದು ಸ್ವರಸಾಲು. ಹೆಂಡತಿಗೆ ಕೇಳಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿ, 'ಶಂಕರಾಭರಣ. ಗಮಕವಿಲ್ಲ. ನೋಟುಸ್ವರದ ಹಾಗಿದೆ' ಎಂದಳು. ನನಗೆ ನೋಟುಸ್ವರವೆಂದರೇನೆಂದು ತಿಳಿಯದು. ಅವಳೇ ಹೇಳಿದಳು, ತಡೆತಡೆದು, ಆದರೆ ಬಹಳ ದಿನಗಳ ಮೇಲೆ ಒಂದು ಪಾಠ ಹೇಳುವ ಉತ್ಸಾಹದಿಂದ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಸಮೀಪದ ಮಣಲಿಯಲ್ಲಿದ್ದ ಕಾಲದಲ್ಲಿ ಸೇಂಟ್ ಜಾರ್ಜ್ ಕೋಟೆಯ ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ಅಂಥವು ಮೂವತ್ತಕ್ಕೂ ಹೆಚ್ಚು ಇವೆ. 'ಶಕ್ತಿಸಹಿತ ಗಣಪತಿಂ' ಎಂಬುದನ್ನು ಅವಳು ಎಳೆಯ ಮಕ್ಕಳಿಗೆ ಕಲಿಸುತ್ತಿದ್ದಳಂತೆ. 'ಸಂತತಂ ಪಾಹಿಮಾಂ' ಎಂಬುದು ಇಂಗ್ಲೆಂಡಿನ ರಾಷ್ಟ್ರಗೀತೆಯದೇ ಮಟ್ಟು, ಅದೂ ಮೂರರ ಎಣಿಕೆಯದೇ. ದೀಕ್ಷಿತರು ೧೮೩೫ರಲ್ಲಿ ತೀರಿಕೊಂಡರು. ಸ್ಟ್ರೌಸ್ ಆಗ ಹತ್ತು ವರ್ಷದ ಹುಡುಗ. ನನ್ನ ಮನೆಯ ಒಳಕೋಣೆಯಿಂದ ಎಷ್ಟೋ ವರ್ಷ ಮೂರರ ಎಣಿಕೆಯ ಇಂಗ್ಲಿಷ್ ಮಟ್ಟುಗಳು ಕೇಳಿಬರುತ್ತಿದ್ದವೆಂದಾಯಿತು. ನಾನು ಹೊರಗೆ ಪೈಥಾಗೊರಸನನ್ನು ಹಿಡಿದುಕೊಂಡು ಕೂತಿದ್ದೆ.

ಅಂದ ಹಾಗೆ, ಪಾಶ್ಚಾತ್ಯ ಸಂಗೀತ ನಮ್ಮ ನಾಡಿಗೆ ಸಾಫ್ಟ್‌ವೇರಿನೊಂದಿಗೆ ಬಂದದ್ದೆಂದು ತಿಳಿಯಬಾರದು. ಕರ್ನಾಟಕ ಸಂಗೀತದಲ್ಲಿ ಸ್ವತಃ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರೇ ೧೯೪೦ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿದ್ದ ರಷ್ಯನ್ ಸಂಯೋಜಕ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರು. ಇರಲಿ, ಜಗಲಿಗೆ ಮರಳೋಣ.

ಮರುದಿನ ಲ್ಯಾಪ್‌ಟಾಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ವಾಲ್ಟ್ಸ್ ಹಾಕಿದೆ. ವೇಗ ನಿಮಿಷಕ್ಕೆ ೪೮ ಎಣಿಕೆ. ವಿಯೆನ್ನಾದ ವಾಲ್ಟ್ಸ್ ಇದರ ಮೂರು ನಾಲ್ಕು ಪಟ್ಟು ವೇಗದಲ್ಲಿ ಓಡುತ್ತದೆ. ನಮ್ಮದು ಆಮೆಯ ವಾಲ್ಟ್ಸ್. ಕೋಲು, ಕಾಲು, ಕಾಲು. ಮೊದಲ ಆವರ್ತ ಸರಿಯಾಯಿತು. ಎರಡನೆಯದರಲ್ಲಿ ಅವಳು ಹಿಂದೆ ಬಿದ್ದಳು. ಮೂರನೆಯದರಲ್ಲಿ ಕೋಲಿನ ಎಣಿಕೆಗೆ ಕಾಲು, ಕಾಲಿನ ಎಣಿಕೆಗೆ ಕೋಲು ಆಗಿ, ನಾನು ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದಳು. ವೇಗವನ್ನು ೪೦ಕ್ಕೆ ಇಳಿಸಿದೆ. ಆಗಲೂ ಅದೇ. ಹೆಜ್ಜೆ ಹಾಕುವುದರಲ್ಲಿ ಅವಳು ನಿಧಾನವಾಗಿರಲಿಲ್ಲ. ಎಡಗಾಲು ಊರಿದ ಮೇಲೆ ಅವಳಿಗೆ ನಿಂತು ಉಸಿರೆಳೆದುಕೊಳ್ಳಬೇಕಾಗಿತ್ತು. ವಾಲ್ಟ್ಸಿಗೆ ನಿಲ್ಲುವುದೇ ಗೊತ್ತಿಲ್ಲ. ಅದು ತಿರುಗುವ ಕುಣಿತ, ಒಂದು ಸುತ್ತು ಮುಗಿಯುವ ಮೊದಲೇ ಮುಂದಿನದಕ್ಕೆ ತಳ್ಳುತ್ತದೆ. ಎರಡು ಗಟ್ಟಿ ಕಾಲುಳ್ಳವರ ಸಂಗೀತ ಅದು.

ಅವಳು ಎಷ್ಟು ಹೊತ್ತು ನಿಲ್ಲುತ್ತಾಳೆಂದು ಗಡಿಯಾರ ಹಿಡಿದು ನೋಡಿದೆ. ಹೆಚ್ಚು ಕಡಿಮೆ ಎರಡು ಎಣಿಕೆ. ಮೂರು ಮತ್ತು ಎರಡು ಐದು. ಅಂದರೆ ೫/೪ ಬೇಕು.

ತಂತ್ರಾಂಶದಲ್ಲಿ ತಾಳಚಿಹ್ನೆ ಬದಲಿಸುವುದು ಬಹಳ ಸುಲಭ. ೫/೪ ಎಂಬ ಚಿಹ್ನೆಯನ್ನು ಮೌಸಿನಿಂದ ಎಳೆದು ಮೊದಲ ಆವರ್ತದ ಮೇಲೆ ಬಿಟ್ಟೆ. ಕ್ಷಣಾರ್ಧದಲ್ಲಿ ನನ್ನ ಒಂದು ತಿಂಗಳ ಶ್ರಮ ಕಲಸುಮೇಲೋಗರವಾಯಿತು. ಪ್ರತಿ ಆವರ್ತದ ಕೊನೆಗೂ ಎರಡು ಎಣಿಕೆಯ ಮೌನ ಸೇರುತ್ತದೆಂದು ನಾನು ತಿಳಿದಿದ್ದೆ. ಅದು ಹಾಗೆ ಮಾಡುವುದಿಲ್ಲ. ಇದ್ದ ಸ್ವರಗಳನ್ನೆಲ್ಲ ಒಂದೇ ಹಗ್ಗವೆಂದು ಭಾವಿಸಿ, ಐದೈದು ಮೊಳಕ್ಕೆ ಹೊಸದಾಗಿ ಕತ್ತರಿಸುತ್ತದೆ. ಮೂವತ್ತೆರಡು ಮೂರಲಿ ತೊಂಬತ್ತಾರು ಎಣಿಕೆ. ಅದನ್ನು ಐದರಿಂದ ಭಾಗಿಸಿದರೆ ಹತ್ತೊಂಬತ್ತು ಆವರ್ತ, ಶೇಷ ಒಂದು. ಮೊದಲ ಆವರ್ತದ ಹೊಟ್ಟೆಯಲ್ಲಿ ಎರಡನೆಯದರ ಧೀಂ ಬಂದು ಕೂತಿತ್ತು. ಅದರ ಲೆಕ್ಕದಲ್ಲಿ ತಪ್ಪೇನಿಲ್ಲ. ನಾನೇ ಹತ್ತು ದಿನ ಕೂತು ಹೊಸ ಆವರ್ತಗಳನ್ನು ಮಾಡಿ, ಒಂದೊಂದರಲ್ಲೂ ಮೂರು ಎಣಿಕೆ ತುಂಬಿ, ನಾಲ್ಕನೆಯದಕ್ಕೆ ಒಂದು ಹಗುರ ತೂಕದ ಮಂದ್ರ ಸ್ವರ ಇಟ್ಟು, ಐದನೆಯದನ್ನು ಖಾಲಿ ಬಿಟ್ಟೆ. ನಾಲ್ಕಕ್ಕೆ ಏಕೆ ಸ್ವರವಿಟ್ಟೆ? ಎರಡು ಎಣಿಕೆ ಪೂರ್ತಿ ಖಾಲಿಯಿದ್ದರೆ ಸಂಗೀತ ಸತ್ತಂತೆ ಕೇಳುತ್ತಿತ್ತು, ಅದಕ್ಕೆ.

ಐದರ ಎಣಿಕೆ ಪಾಶ್ಚಾತ್ಯರಿಗೆ ಬಹಳ ಕಾಲ ಅಪರೂಪದ್ದೇ. ಚೈಕೋವ್‌ಸ್ಕಿ ತನ್ನ ಆರನೆಯ ಸಿಂಫನಿಯ ಎರಡನೆಯ ಭಾಗವನ್ನು ೫/೪ರಲ್ಲಿ ಬರೆದಿದ್ದಾನೆ. ೧೮೯೩ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ತಾನೇ ನಿಂತು ಅದರ ಮೊದಲ ಪ್ರಯೋಗ ನಡೆಸಿದ ಒಂಬತ್ತನೆಯ ದಿನ ಆತ ತೀರಿಕೊಂಡ. ಆ ಭಾಗವನ್ನು ಕೇಳಿದರೆ ವಾಲ್ಟ್ಸ್ ಎಂದೇ ಅನಿಸುತ್ತದೆ, ಆದರೆ ಎಲ್ಲೋ ಒಂದು ಕಾಲು ಎಡವುತ್ತದೆ. ಅದನ್ನು ಕುಂಟುವ ವಾಲ್ಟ್ಸ್ ಎಂದು ಕರೆಯುವುದು ರೂಢಿಯಂತೆ. ಈ ಮಾತನ್ನು ನಾನು ಹೆಂಡತಿಗೆ ಹೇಳಲು ಬಹಳ ದಿನ ಹಿಂಜರಿದೆ. ಅಮೆರಿಕೆಯ ಡೇವ್ ಬ್ರೂಬೆಕ್ ತಂಡದವರು ೧೯೫೮ರಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳನ್ನು ಸುತ್ತಿ ಹೋದ ಮರುವರ್ಷ 'ಟೈಮ್ ಔಟ್' ಎಂಬ ಧ್ವನಿಮುದ್ರಿಕೆ ತಂದರು. ಅದರಲ್ಲಿ ಪಾಲ್ ಡೆಸ್ಮಂಡ್ ರಚಿಸಿದ 'ಟೇಕ್ ಫೈವ್' ಐದರದು. ಇನ್ನೊಂದು ಒಂಬತ್ತರದು, ಇಸ್ತಾಂಬುಲಿನ ಬೀದಿ ವಾದ್ಯಗಾರರಿಂದ ಬ್ರೂಬೆಕ್ ಕೇಳಿ ಕಲಿತದ್ದು: ಎರಡು, ಎರಡು, ಎರಡು, ಮೂರು. ಇವನ್ನೆಲ್ಲ ಅಲ್ಲಿಯ ಪುಸ್ತಕಗಳು ಅಸಾಮಾನ್ಯ ತಾಳಗಳು ಎನ್ನುತ್ತವೆ. ನಮ್ಮ ಕಡೆಯ ಯಕ್ಷಗಾನದ ಆಟ ನೋಡುತ್ತ ನಿದ್ದೆ ಹೋದ ಮಗುವಿನ ಕಿವಿಗೂ ತ್ರಿವುಡೆಯ ಏಳು, ಝಂಪೆಯ ಹತ್ತು ಬಿದ್ದಿರುತ್ತದೆ. ನಮ್ಮವರು ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂದು ಮೂರು, ನಾಲ್ಕು, ಐದು, ಏಳು, ಒಂಬತ್ತಕ್ಕೆ ಹೆಸರಿಟ್ಟು ಕಪಾಟಿನಲ್ಲಿ ಜೋಡಿಸಿಟ್ಟಿದ್ದಾರೆ. ಅದರಿಂದ ನಾವು ಮೇಲು ಎಂದು ನಾನು ಹೇಳುತ್ತಿಲ್ಲ. ಏಕೆಂದರೆ ಕಪಾಟು ಮನೆಯಲ್ಲೇ ಇದ್ದರೂ ನಾನು ಅದನ್ನು ತೆರೆದಿರಲಿಲ್ಲ.

ಐದರ ವಾಲ್ಟ್ಸ್ ಹಾಕಿದ ದಿನ ನನಗೆ ಗೆಲುವಿನ ವಿಶ್ವಾಸವಿತ್ತು. ನಾಲ್ಕು ಆವರ್ತ ಸರಿಯಾಗಿ ನಡೆದಳು. ಐದನೆಯದರಲ್ಲಿ, ನಿಂತು ಉಸಿರೆಳೆಯಬೇಕಾದ ಎಣಿಕೆಯಲ್ಲಿ, ಅವಳ ಕೋಲು ತಾನಾಗಿ ಮುಂದೆ ಹೋಯಿತು, ಮೈ ವಾಲಿತು. ಮತ್ತೆ ಹಿಡಿದೆ. ನನಗೆ ತಾಳ್ಮೆ ತಪ್ಪಿತು. 'ಎಣಿಕೆ ಸರಿಯಾಗಿಯೇ ಇದೆಯಲ್ಲ, ಮೂರು ಹೆಜ್ಜೆ, ಎರಡು ವಿಶ್ರಾಂತಿ, ನಿನಗೆ ಇಷ್ಟೂ' ಎಂದು ಪ್ರಾರಂಭಿಸಿ, ಅಲ್ಲಿಗೇ ನಿಲ್ಲಿಸಿದೆ. ಅವಳು ನನ್ನತ್ತ ನೋಡಲಿಲ್ಲ. ಕುರ್ಚಿಯ ಮೇಲೆ ಕೂತು, 'ಇನ್ನೊಮ್ಮೆ ಹಾಕಿ' ಎಂದಳು. ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದಳು. ಮತ್ತೊಮ್ಮೆ ಹಾಕಿಸಿದಳು.

'ನೀವು ಮೂರು, ಎರಡು ಎಂದು ಒಡೆದಿದ್ದೀರಿ. ನನ್ನ ನಡಿಗೆ ಎರಡು, ಮೂರು. ಕೋಲು ಮತ್ತು ಈ ಕಾಲು ಒಂದು ಜೋಡಿ, ಎರಡೂ ಅಂಜಿಕೊಂಡು ಹೋಗುವಂಥವು. ಮೂರನೆಯದಕ್ಕೆ ಗಟ್ಟಿ ಕಾಲು ಊರಿದಾಗ ಮೈಭಾರವೆಲ್ಲ ಅದರ ಮೇಲೆ ಬಂದು ನಿಲ್ಲುತ್ತೇನೆ. ಅಲ್ಲಿ ಪೆಟ್ಟು ಬೇಕು. ನೀವು ನಾಲ್ಕನೆಯದಕ್ಕೆ ಪೆಟ್ಟು ಇಟ್ಟಿದ್ದೀರಿ. ಪೆಟ್ಟು ಕೇಳಿದರೆ ಹೊರಡು ಎಂದು ಅನಿಸುತ್ತದೆ, ಹೊರಡುತ್ತೇನೆ.' ಇಷ್ಟನ್ನು ಹೇಳಲು ಅವಳಿಗೆ ಐದಾರು ನಿಮಿಷ ಹಿಡಿಯಿತು. ಆಮೇಲೆ, 'ಇದು ಖಂಡಛಾಪು, ತಕ ತಕಿಟ' ಎಂದಳು.

ನಾನು ಲ್ಯಾಪ್‌ಟಾಪಿನ ಮುಂದೆ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಗಡಿಯಾರ ಹಿಡಿದು ಅಳೆದದ್ದು ಸರಿಯಾಗಿತ್ತು. ಕೂಡಿದ್ದೂ ಸರಿ, ಮೊತ್ತವೂ ಐದೇ. ಆ ಐದನ್ನು ಎಲ್ಲಿ ಒಡೆಯಬೇಕೆಂಬುದನ್ನು ಮಾತ್ರ ನಡೆಯುವವಳನ್ನು ಕೇಳಬೇಕಾಗಿತ್ತು. ಎರಡು ತಿಂಗಳಲ್ಲಿ ನಾನು ಕೇಳಿರಲಿಲ್ಲ.

ತಂತ್ರಾಂಶದಲ್ಲಿ ತಾಳಚಿಹ್ನೆಯ ಗುಣಲಕ್ಷಣಗಳ ಕಿಟಕಿ ತೆರೆದು ಮೇಲಿನ ಅಂಕಿಯನ್ನು ೫ ಎಂಬುದರ ಬದಲು ೨+೩ ಎಂದು ತೋರುವಂತೆ ಬರೆಯಬಹುದು. ಚಿಕ್ಕ ಸ್ವರಗಳ ಬಾಲಗಳನ್ನು ಯಾವ ಗುಂಪಿನಲ್ಲಿ ಜೋಡಿಸಬೇಕೆಂದೂ ಹೇಳಬಹುದು. ಆದರೆ ಇದರಿಂದ ಧ್ವನಿ ಬದಲಾಗುವುದಿಲ್ಲ, ಕಣ್ಣಿಗೆ ಕಾಣುವುದಷ್ಟೇ ಬದಲಾಗುತ್ತದೆ. ಈ ಕೆಲಸಕ್ಕೆ ಕೈ ಹಾಕುವವರು ನೆನಪಿಡಬೇಕಾದದ್ದು ಇದು. ತೂಕ ಎಲ್ಲಿ ಬೀಳಬೇಕೋ ಅಲ್ಲಿಗೆ ಮಂದ್ರಸ್ವರವನ್ನು ನಾವೇ ಎತ್ತಿ ಇಡಬೇಕು. ನಾಲ್ಕನೆಯ ಎಣಿಕೆಯಲ್ಲಿದ್ದ ಸ್ವರವನ್ನು ಮೂರನೆಯದಕ್ಕೆ ತಂದು, ಅದನ್ನು ಮೂರು ಎಣಿಕೆಯಷ್ಟು ಉದ್ದ ಎಳೆದೆ. ಮೊದಲ ಎಣಿಕೆಯ ಧೀಂ ಅನ್ನು ಸ್ವಲ್ಪ ಹಗುರ ಮಾಡಿದೆ. ಎಡಗಾಲು ಊರುವಾಗ ಒಂದು ದೀರ್ಘ ಪಂಚಮ ಕೆಳಗಿನಿಂದ ಎದ್ದು, ಅವಳು ಉಸಿರೆಳೆದು ಬಿಡುವ ತನಕ ನಿಂತಿರುತ್ತದೆ.

ಆ ಬೆಳಗ್ಗೆ ಅವಳು ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ನಡೆದಳು. ನಮ್ಮ ಜಗಲಿ ಇಪ್ಪತ್ತನಾಲ್ಕು ಅಡಿ. ಅವಳ ಒಂದು ಆವರ್ತಕ್ಕೆ ಒಂದೂವರೆ ಅಡಿ ಮುಂದೆ ಹೋಗುತ್ತಾಳೆ. ಹದಿನಾರು ಆವರ್ತ, ಎಂಬತ್ತು ಎಣಿಕೆ, ನಿಮಿಷಕ್ಕೆ ೪೮ರ ವೇಗದಲ್ಲಿ ನೂರು ಸೆಕೆಂಡು. ನಾನು ಪಕ್ಕದಲ್ಲಿ ನಡೆಯಲಿಲ್ಲ. ಕಿಟಕಿಯ ಹತ್ತಿರ ಲ್ಯಾಪ್‌ಟಾಪ್ ಕಾಯುವ ನೆಪದಲ್ಲಿ ನಿಂತಿದ್ದೆ.

ತುದಿ ಮುಟ್ಟಿದ ಮೇಲೆ ತಿರುಗಬೇಕಲ್ಲ! ಅದೇ ಮುಂದಿನ ಸಮಸ್ಯೆಯಾಯಿತು. ತಿರುಗಲು ಸಣ್ಣ ಸಣ್ಣ ಹೆಜ್ಜೆಗಳು ಬೇಕು, ಐದರಲ್ಲಿ ಆಗದು. ಈ ಬಾರಿ ನಾನು ಗಡಿಯಾರ ತೆಗೆಯಲಿಲ್ಲ, ಕೇಳಿದೆ. 'ಏಳು ಕೊಡಿ, ಎರಡು ಆವರ್ತ. ಮಿಶ್ರಛಾಪು, ಮೂರು ನಾಲ್ಕು' ಎಂದಳು. ಹದಿನಾರು ಆವರ್ತ ೫/೪, ಎರಡು ಆವರ್ತ ೭/೪, ಮತ್ತೆ ಹದಿನಾರು ೫/೪. ಒಂದೇ ರಚನೆಯಲ್ಲಿ ನಡುನಡುವೆ ತಾಳ ಬದಲಿಸುವುದು ತಂತ್ರಾಂಶಕ್ಕೆ ಕಷ್ಟವೇ ಅಲ್ಲ. ಎಲ್ಲಿ ಬದಲಾಗಬೇಕೋ ಅಲ್ಲಿ ಚಿಹ್ನೆ ಹಾಕಿ, ಎಲ್ಲಿ ಮರಳಬೇಕೋ ಅಲ್ಲಿ ಇನ್ನೊಂದು ಹಾಕಿದರಾಯಿತು. ಎರಡನೆಯದನ್ನು ಮರೆತರೆ ಮಾತ್ರ ಮನೆಯೆಲ್ಲ ಏಳಾಗುತ್ತದೆ. ಒಮ್ಮೆ ಮರೆತಿದ್ದೆ. ಮೊದಲಿಗೆ ಅವಳ ಕಿವಿಗೆ ತಾಳ ತಿಳಿಯಲೆಂದು ಎರಡು ಆವರ್ತ ಬರೀ ಮಂದ್ರಸ್ವರ ನುಡಿದು, ಆಮೇಲೆ ಸ್ವರಸಾಲು ಬರುವಂತೆ ಮಾಡಿದೆ.

ಅವಳ ಒಂದು ಆಕ್ಷೇಪಣೆಗೆ ಮಾತ್ರ ನನ್ನಲ್ಲಿ ಪೂರ್ತಿ ಪರಿಹಾರವಿಲ್ಲ. 'ನಿಮ್ಮ ಕಂಪ್ಯೂಟರಿಗೆ ಉಸಿರಿಲ್ಲ, ಎಲ್ಲ ಎಣಿಕೆಗಳೂ ಒಂದೇ ಅಳತೆ' ಎನ್ನುತ್ತಾಳೆ. ವಿಯೆನ್ನಾದ ವಾದ್ಯಗಾರರು ವಾಲ್ಟ್ಸಿನ ಎರಡನೆಯ ಎಣಿಕೆಯನ್ನು ಕೂದಲೆಳೆಯಷ್ಟು ಮೊದಲೇ ನುಡಿಸುತ್ತಾರೆ. ಲಿಪಿಯಲ್ಲಿ ಅದು ಬರೆದಿರುವುದಿಲ್ಲ, ಕೈಯಿಂದ ಕೈಗೆ ಬಂದಿರುತ್ತದೆ. ಬರೆದದ್ದನ್ನಷ್ಟೇ ಓದುವ ಯಂತ್ರಕ್ಕೆ ಅದು ಹೇಗೆ ಗೊತ್ತಾಗಬೇಕು? ಅವಳ ಸೋತ ಕಾಲೂ ಎರಡನೆಯ ಎಣಿಕೆಗೇ ಬರುತ್ತದೆ, ಕೂದಲೆಳೆಯಷ್ಟು ತಡವಾಗಿ. ನಾನು ಆ ಸ್ವರಪುಂಜವನ್ನು ಸ್ವಲ್ಪ ಮೆದುಗೊಳಿಸಿಟ್ಟಿದ್ದೇನೆ, ತಡವಾದರೂ ಗದರಿದಂತೆ ಕೇಳದಿರಲಿ ಎಂದು.

ಈಗ ಅವಳಿಗೆ ನಡೆಯಲು ಈ ಸಂಗೀತ ಬೇಕಾಗಿಲ್ಲ. ೨೦೨೩ರ ಮಳೆಗಾಲ ಮುಗಿಯುವ ಹೊತ್ತಿಗೆ ವೇಗ ೬೦ಕ್ಕೆ ಬಂದಿತ್ತು. ನಡುವಿನ ನಿಲುಗಡೆ ಸಣ್ಣದಾಗುತ್ತ ಹೋಗಿ, ಒಂದು ದಿನ ಅಂಗಳ ದಾಟಿ ತುಳಸಿಕಟ್ಟೆಯವರೆಗೆ ಯಾವ ಎಣಿಕೆಯೂ ಇಲ್ಲದೆ ಹೋಗಿ ಬಂದಳು. ಕೋಲು ಇದೆ. ಮಳೆಯಲ್ಲಿ ಅಂಗಳಕ್ಕೆ ಇಳಿಯುವುದಿಲ್ಲ. ಬಲಗೈ ಹಾಗೆಯೇ ಇದೆ.

ಆದರೆ ಲ್ಯಾಪ್‌ಟಾಪ್ ನನಗೆ ಸಿಗುತ್ತಿಲ್ಲ. ಹಿಂದಿನ ವರ್ಷದ ನವರಾತ್ರಿಯ ಹೊತ್ತಿಗೆ, ನನ್ನ ಸ್ವರಸಾಲಿನ ಆರನೆಯ ಆವರ್ತದಲ್ಲಿರುವ ನಿಷಾದ ಅಸಹ್ಯವಾಗಿದೆ, ಧೈವತ ಮಾಡಿ ಎಂದಳು. ಮಾಡಿದೆ. ಹಾಗಾದರೆ ಅದರ ಹಿಂದಿನದೂ ಬದಲಾಗಬೇಕು ಎಂದಳು. ಒಂದು ವಾರದಲ್ಲಿ ನನ್ನ ರಚನೆಯಲ್ಲಿ ನನ್ನದೆಂದು ಉಳಿದದ್ದು ಫೈಲಿನ ಹೆಸರು ಮಾತ್ರ. ಈಗ ಏಳರಲ್ಲಿ ಹೊಸದೊಂದನ್ನು ಕಟ್ಟುತ್ತಿದ್ದಾಳೆ. ಅವಳು ಹಾಡಿ ಹೇಳುತ್ತಾಳೆ, ನಾನು ಬೆರಳಚ್ಚುಗಾರ. ಗಮಕಗಳನ್ನು ಹೇಗೆ ಬರೆಯುವುದೆಂದು ಇಬ್ಬರಿಗೂ ತೋಚದೆ ಜಗಳವಾಗುತ್ತದೆ. ಹದಿನಾರು ಆವರ್ತ ಆಗಿದೆ. ಒಂಬತ್ತನೆಯದು ಅವಳಿಗೆ ಒಪ್ಪಿಗೆಯಾಗಿಲ್ಲ, ಇಂದು ರಾತ್ರಿ ಊಟವಾದ ಮೇಲೆ ಅದನ್ನು ಮತ್ತೆ ಬಿಚ್ಚಬೇಕಂತೆ.

ಜಗಲಿಯ ವಾಲ್ಟ್ಸಿನ ಫೈಲು ಯಾರಿಗಾದರೂ, ಯಾರ ಮನೆಯಲ್ಲಾದರೂ ಉಪಯೋಗವಾಗುವಂತಿದ್ದರೆ ನನಗೆ ಬರೆಯಿರಿ, ಕಳುಹಿಸುತ್ತೇನೆ. ವೇಗವನ್ನು ೪೮ಕ್ಕಿಂತ ಕಡಿಮೆಯಿಂದಲೇ ಪ್ರಾರಂಭಿಸಿ. ಮಂದ್ರಸ್ವರ ಮೂರನೆಯ ಎಣಿಕೆಯಲ್ಲಿದೆ. ನಿಮ್ಮ ಮನೆಯವರಿಗೆ ಅದು ಎಲ್ಲಿ ಬೇಕೆಂದು ಅವರನ್ನೇ ಕೇಳಿಕೊಂಡು ಬದಲಿಸಿ.